ಒಂದೇ ಸೂರಿನಡಿ ಠಾಣೆಯೂ ಚಾವಡಿಯೂ
(ಬಾನುಲಿ ಭಾಷಣ)

ನಗರದಲ್ಲಿ ವಾಸಿಸುವವರಿಗೆ ಎರಡು ಬಗೆಯ ಸಾರ್ವಜನಿಕ ಕಟ್ಟಡಗಳ ಪರಿಚಯವಿರುತ್ತದೆ. ಕೆಲವಕ್ಕೆ ನಾವು ಬಯಸಿ ಹೋಗುತ್ತೇವೆ. ಮತ್ತೆ ಕೆಲವಕ್ಕೆ ಹೋಗುವ ಪ್ರಸಂಗವೇ ಬಾರದಿರಲೆಂದು ಹಾರೈಸುತ್ತೇವೆ. ವಾಚನಾಲಯ, ಸಂಗೀತಸಭೆಯ ಮಂದಿರ, ಮಕ್ಕಳ ಆಟದ ಮನೆ ಮೊದಲನೆಯ ವರ್ಗಕ್ಕೆ ಸೇರಿದವು. ಪೊಲೀಸ್ ಠಾಣೆ ಎರಡನೆಯ ವರ್ಗಕ್ಕೆ ಸೇರಿದುದು. ಇವೆರಡನ್ನೂ ಒಂದೇ ಸೂರಿನಡಿ ತರಬೇಕೆಂಬ ಯೋಚನೆ ಮೇಲುನೋಟಕ್ಕೆ ವಿಚಿತ್ರವಾಗಿ ತೋರೀತು. ಆದರೂ ಅಮೆರಿಕದ ಹಲವು ನಗರಗಳು ಕಳೆದ ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಈ ಯೋಚನೆಯನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡಿವೆ. ಒಂದು ಬಡಾವಣೆಯಲ್ಲಿ ಒಂದು ಕಟ್ಟಡ. ಅದರ ಒಂದು ಪಾರ್ಶ್ವದಲ್ಲಿ ಪೊಲೀಸ್ ಉಪಠಾಣೆ, ಇನ್ನೊಂದು ಪಾರ್ಶ್ವದಲ್ಲಿ ಸಮುದಾಯ ಭವನ. ಇಂಥ ಕಟ್ಟಡಕ್ಕೆ ಹಣ ಎಲ್ಲಿಂದ ಬರುತ್ತದೆ, ಯಾವ ಕಟ್ಟಳೆಗಳಿಗೆ ಒಳಪಟ್ಟು ಬರುತ್ತದೆ, ಆ ಹಣದ ಹಾದಿಯು ಕಟ್ಟಡದ ಬಾಳನ್ನು ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಈ ಹೊತ್ತು ವಿವರಿಸಲು ಯತ್ನಿಸುತ್ತೇನೆ. ಆಯವ್ಯಯದ ವಿಷಯ ನೀರಸವೆಂದು ತಾವು ಭಾವಿಸಬೇಕಾಗಿಲ್ಲ. ಒಂದು ಊರು ತನ್ನ ಜನರಲ್ಲಿ ಯಾರನ್ನು ಎಷ್ಟರಮಟ್ಟಿಗೆ ತನ್ನವರೆಂದು ಎಣಿಸುತ್ತದೆಂಬುದು ಅದರ ಭಾಷಣಗಳಿಗಿಂತ ಅದರ ಲೆಕ್ಕದ ಪುಸ್ತಕದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಪೊಲೀಸ್ ವ್ಯವಸ್ಥೆ ರಾಜ್ಯಕ್ಕೆ ಸೇರಿದ ವಿಷಯ. ಸಂವಿಧಾನದ ಏಳನೆಯ ಅನುಸೂಚಿ ಹಾಗೆಂದು ಹೇಳುತ್ತದೆ. ನಮ್ಮ ನಗರಸಭೆ ಬೀದಿದೀಪ ಹಾಕಿಸಬಹುದು, ಚರಂಡಿ ತೋಡಿಸಬಹುದು; ಠಾಣೆಯ ಗೊಡವೆ ಅದಕ್ಕಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ನಗರಗಳಿಗೆ ಸಾಮಾನ್ಯವಾಗಿ ತಮ್ಮವೇ ಆದ ಪೊಲೀಸ್ ಇಲಾಖೆಗಳಿವೆ. ಮುಖ್ಯಾಧಿಕಾರಿಯ ನೇಮಕದಿಂದ ಹಿಡಿದು ಪೇದೆಯ ಸಂಬಳದವರೆಗೆ ಎಲ್ಲವೂ ನಗರದ ಬೊಕ್ಕಸದ ಹೊಣೆ. ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವ ಹಣವೂ ಪೊಲೀಸ್ ವಾಹನಕ್ಕೆ ಪೆಟ್ರೋಲು ಹಾಕಿಸುವ ಹಣವೂ ಒಂದೇ ನಗರಸಭೆಯ ಮುಂದೆ, ಒಂದೇ ಆಯವ್ಯಯದ ಚರ್ಚೆಯಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಠಾಣೆ ಮತ್ತು ಸಮುದಾಯ ಭವನವನ್ನು ಒಟ್ಟಿಗೆ ಕಟ್ಟುವ ಮಾತು ಅಲ್ಲಿ ಹುಟ್ಟುವುದು ಸಾಧ್ಯವಾದದ್ದು ಇದರಿಂದಲೇ.

ಹುಟ್ಟಬೇಕಾದ ಅವಶ್ಯಕತೆಯಾದರೂ ಏನಿತ್ತು? ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅಮೆರಿಕದ ಪೊಲೀಸರು ಕಾಲುನಡಿಗೆಯ ಗಸ್ತನ್ನು ಬಹುಮಟ್ಟಿಗೆ ಬಿಟ್ಟು ಮೋಟಾರು ಹತ್ತಿದ್ದರು. ರೇಡಿಯೋ ಮೂಲಕ ಕರೆ ಬಂದ ಕಡೆಗೆ ಧಾವಿಸುವುದೇ ಕರ್ತವ್ಯವಾಯಿತು. ಕರೆ ಬೇಗ ಮುಟ್ಟಿತು, ವಾಹನ ಬೇಗ ತಲುಪಿತು. ಆದರೆ ಬೀದಿಯ ಅಂಗಡಿಯವನಿಗೆ ಪೇದೆಯ ಹೆಸರು ಗೊತ್ತಿಲ್ಲ, ಪೇದೆಗೆ ಅಂಗಡಿಯವನ ಮುಖ ಗೊತ್ತಿಲ್ಲ ಎಂಬ ಸ್ಥಿತಿ ಒದಗಿತು. ಕಪ್ಪುಜನಾಂಗದವರು ವಾಸಿಸುವ ಕೇರಿಗಳಲ್ಲಿ ಈ ಅಪರಿಚಯದ ಜೊತೆಗೆ ಬಹುಕಾಲದ ಅನ್ಯಾಯದ ನೆನಪೂ ಸೇರಿತ್ತು. 1967ರ ಜುಲೈ ತಿಂಗಳಲ್ಲಿ ನ್ಯೂವಾರ್ಕ್ ನಗರದಲ್ಲಿ ಒಬ್ಬ ಟ್ಯಾಕ್ಸಿ ಚಾಲಕನನ್ನು ಪೊಲೀಸರು ಬಂಧಿಸಿ ಹೊಡೆದದ್ದು ಗಲಭೆಗೆ ಕಾರಣವಾಯಿತು. ಅದೇ ತಿಂಗಳು ಡೆಟ್ರಾಯಿಟ್‌ನಲ್ಲಿ ಪರವಾನಗಿಯಿಲ್ಲದ ಒಂದು ಮದ್ಯದಂಗಡಿಯ ಮೇಲೆ ನಡೆದ ದಾಳಿ ಕಿಡಿಯಾಗಿ, ಉರಿ ಆರುವ ವೇಳೆಗೆ 43 ಜನ ಸತ್ತಿದ್ದರು. ಅಧ್ಯಕ್ಷ ಜಾನ್ಸನ್ ಅವರು ನೇಮಿಸಿದ, ಇಲಿನಾಯ್ ರಾಜ್ಯಪಾಲ ಆಟೋ ಕರ್ನರ್ ಅವರ ನೇತೃತ್ವದ ಆಯೋಗ 1968ರಲ್ಲಿ ವರದಿ ಒಪ್ಪಿಸಿತು. ಸರಕಾರದ ಸೇವೆಗಳನ್ನು ಜನರ ಕೇರಿಗೇ ಕೊಂಡೊಯ್ಯಬೇಕು, ಸ್ಥಳೀಯ ಆಡಳಿತದ ಬಾಗಿಲು ಬಡಾವಣೆಯೊಳಗೇ ತೆರೆಯಬೇಕು ಎಂಬುದು ಅದರ ಶಿಫಾರಸುಗಳಲ್ಲಿ ಒಂದು.

ಇದನ್ನು ಕೇಳಿದಾಗ ನಮ್ಮ ಹಳ್ಳಿಗಳ ಚಾವಡಿ ನನಗೆ ನೆನಪಾಗುತ್ತದೆ. ಶಾನುಭೋಗರು ಕಂದಾಯದ ಲೆಕ್ಕ ಬರೆಯುತ್ತಿದ್ದುದು ಅಲ್ಲಿ. ಪಟೇಲರು ತಂಟೆ ತಕರಾರು ಕೇಳುತ್ತಿದ್ದುದು ಅಲ್ಲಿ. ತಳವಾರ ಕೋಲು ಹಿಡಿದು ನಿಲ್ಲುತ್ತಿದ್ದುದೂ ಅಲ್ಲಿಯೇ. ಸಂಜೆಯಾದರೆ ಅದೇ ಜಗಲಿಯ ಮೇಲೆ ನಾಲ್ಕು ಜನ ಕೂತು ಮಳೆ ಬೆಳೆಯ ಮಾತಾಡುತ್ತಿದ್ದರು. ಅಧಿಕಾರವೂ ಹರಟೆಯೂ ಒಂದೇ ಕಂಬಕ್ಕೆ ಒರಗಿ ಕೂರುವ ಸ್ಥಳ ಅದು. ಅಮೆರಿಕದ ನಗರಗಳು ಹುಡುಕುತ್ತಿದ್ದುದು ಬಹುಶಃ ಇಂಥದೇ ಒಂದು ಸ್ಥಳವನ್ನು. ಚಾವಡಿಯ ಮಾತಿಗೆ ಮತ್ತೆ ಬರುತ್ತೇನೆ; ಅದರ ಇನ್ನೊಂದು ಮುಖವನ್ನೂ ಹೇಳದೆ ಬಿಡುವಂತಿಲ್ಲ.

ಈಗ ಹಣದ ಮಾತು. 1965ರ ಒಂದು ಕಾಯಿದೆಯ ಮೂಲಕ ಅಮೆರಿಕದ ಕೇಂದ್ರ ಸರಕಾರ ಬಡಾವಣೆಯ ಸೌಕರ್ಯ ಕಟ್ಟಡಗಳಿಗೆ ಅನುದಾನ ಕೊಡಲು ಆರಂಭಿಸಿತು. ಕಟ್ಟುವ ವೆಚ್ಚದ ಮೂರರಲ್ಲಿ ಎರಡು ಪಾಲು ಕೇಂದ್ರದ್ದು, ಉಳಿದದ್ದು ಊರಿನದು. ಇಂಥ ಹತ್ತಾರು ಬಾಬುಗಳ ಹಣ ಬೇರೆ ಬೇರೆ ಕಾಲುವೆಗಳಲ್ಲಿ ಹರಿಯುತ್ತಿದ್ದುದನ್ನು ಒಟ್ಟುಗೂಡಿಸಿ, 1974ರ ಆಗಸ್ಟ್ ತಿಂಗಳಲ್ಲಿ ‘ಸಮುದಾಯ ಅಭಿವೃದ್ಧಿ ಸಮೂಹ ಅನುದಾನ’ ಎಂಬ ಯೋಜನೆಯನ್ನು ಜಾರಿಗೆ ತಂದರು. 50,000ಕ್ಕೆ ಮೇಲ್ಪಟ್ಟು ಜನಸಂಖ್ಯೆಯಿರುವ ನಗರಗಳಿಗೆ ಒಂದು ಸೂತ್ರದ ಪ್ರಕಾರ ವರ್ಷ ವರ್ಷವೂ ಮೊತ್ತ ಬರುತ್ತದೆ. ಅದನ್ನು ಯಾವುದಕ್ಕೆ ವ್ಯಯಿಸಬೇಕೆಂಬುದನ್ನು ನಗರವೇ ತೀರ್ಮಾನಿಸುತ್ತದೆ. ಆದರೆ ಕಡಿವಾಣವಿಲ್ಲದ ಸ್ವಾತಂತ್ರ್ಯವಲ್ಲ ಅದು. ಹಣದ ಕನಿಷ್ಠ ಶೇಕಡಾ 70 ಭಾಗ ಕಡಮೆ ಮತ್ತು ಮಧ್ಯಮ-ಕೆಳ ವರಮಾನದ ಜನರ ಹಿತಕ್ಕೆ ಸಲ್ಲಬೇಕು. ವರ್ಷಕ್ಕೆ ಎರಡು ಬಾರಿಯಾದರೂ ಸಾರ್ವಜನಿಕ ಸಭೆ ಕರೆದು ನಾಗರಿಕರ ಅಭಿಪ್ರಾಯ ಕೇಳಬೇಕು.

ಇಲ್ಲಿಯೇ ನಮ್ಮ ಕಟ್ಟಡದ ಕಥೆಗೆ ಒಂದು ಕುತೂಹಲದ ತಿರುವು ಇದೆ. ಸರಕಾರದ ಸಾಮಾನ್ಯ ಆಡಳಿತದ ಕಟ್ಟಡಗಳಿಗೆ ಈ ಅನುದಾನದಿಂದ ಒಂದು ಕಾಸನ್ನೂ ಬಳಸುವಂತಿಲ್ಲವೆಂದು ನಿಯಮ ಹೇಳುತ್ತದೆ. ನಗರಸಭೆಯ ಭವನ ಕಟ್ಟಿಸಲು ಬಡವರ ಹೆಸರಿನಲ್ಲಿ ಬಂದ ಹಣ ಮುಟ್ಟಬಾರದು. ಇದು ನ್ಯಾಯವೇ ಸರಿ. ಆದರೆ ಅದೇ ನಿಯಮಾವಳಿಯ ಇನ್ನೊಂದು ಮಾತಿನ ಪ್ರಕಾರ, ಕಡಮೆ ವರಮಾನದ ಜನರ ಕೇರಿಯಲ್ಲಿ, ಜನರ ಬಳಿಗೇ ಸೇವೆಯನ್ನು ಒಯ್ಯುವ ಉದ್ದೇಶದಿಂದ ನಿಲ್ಲಿಸಿದ ಬಡಾವಣೆಯ ಸೇವಾಕೇಂದ್ರ ಈ ನಿಷೇಧಕ್ಕೆ ಒಳಪಡುವುದಿಲ್ಲ. ಒಂದು ಕಟ್ಟಡ ನಗರದ ಕೇಂದ್ರದಲ್ಲಿ ಆಡಳಿತದ ಆಸನವಾಗಿ ನಿಂತರೆ ಅನರ್ಹ. ಬಡಾವಣೆಯ ನಡುವೆ ಸೇವೆಯ ಮನೆಯಾಗಿ ನಿಂತರೆ ಅರ್ಹ. ಉಪಠಾಣೆ ಮತ್ತು ಸಮುದಾಯ ಭವನ ಕೈಹಿಡಿದು ನಡೆಯಲು ಆದರ್ಶ ಎಷ್ಟು ಕಾರಣವೋ ಈ ನಿಯಮವೂ ಅಷ್ಟೇ ಕಾರಣವಾಗಿರಬಹುದೆಂದು ನನಗೆ ತೋರುತ್ತದೆ. ಹಾಗೆಂದು ಅದನ್ನು ಬರಿಯ ಉಪಾಯವೆಂದು ಹಳಿಯಲಾರೆ. ನಿಯಮದ ಒತ್ತಾಯದಿಂದಲಾದರೂ ಠಾಣೆಯ ಪಕ್ಕದಲ್ಲಿ ಮಕ್ಕಳು ಓದುವ ಕೊಠಡಿಯೊಂದು ಬಂದರೆ ನಷ್ಟವೇನು?

ಇದೇ ನಿಯಮಾವಳಿಯಲ್ಲಿ ಇನ್ನೊಂದು ರಕ್ಷಣೆಯಿದೆ. ಇಂಥ ಅನುದಾನದಿಂದ ಕಟ್ಟಿಸಿದ ಅಥವಾ ಕೊಂಡ ಕಟ್ಟಡದ ಉಪಯೋಗವನ್ನು ನಗರ ತನ್ನ ಇಷ್ಟದಂತೆ ಬದಲಾಯಿಸುವಂತಿಲ್ಲ. ಬದಲಾಯಿಸಬೇಕಾದರೆ ನಾಗರಿಕರಿಗೆ ತಿಳಿಸಿ, ಅವರು ಮಾತಾಡಲು ಅವಕಾಶ ಕೊಡಬೇಕು. ಹೊಸ ಉಪಯೋಗ ಯೋಜನೆಯ ಉದ್ದೇಶಕ್ಕೆ ಹೊಂದದಿದ್ದರೆ, ಆಸ್ತಿಯ ಅಂದಿನ ಮಾರುಕಟ್ಟೆಯ ಬೆಲೆಯಲ್ಲಿ ಅನುದಾನಕ್ಕೆ ಸೇರಿದ ಪಾಲನ್ನು ಯೋಜನೆಗೆ ಹಿಂದಿರುಗಿಸಬೇಕು. ಠಾಣೆಗೆ ಜಾಗ ಸಾಲದೆಂದು ಸಮುದಾಯದ ಸಭಾಂಗಣದಲ್ಲಿ ಸದ್ದಿಲ್ಲದೆ ಮೇಜು ಕುರ್ಚಿ ಜೋಡಿಸುವ ಹಾಗಿಲ್ಲ. ಇಬ್ಬರು ಹಂಚಿಕೊಂಡ ಮನೆಯಲ್ಲಿ ಬಲಶಾಲಿಯಾದವನು ದಿನಕ್ಕೊಂದು ಮೊಳ ಒತ್ತರಿಸುವುದು ಲೋಕರೂಢಿ. ಅದನ್ನು ಬಲ್ಲವರೇ ಈ ನಿಯಮ ಬರೆದಿರಬೇಕು.

ಅನುದಾನ ಸಾಲದಾದಾಗ ನಗರ ಸಾಲಪತ್ರಗಳನ್ನು ಮಾರುತ್ತದೆ. ಇದನ್ನು ಅಲ್ಲಿ ಬಾಂಡ್ ಎನ್ನುತ್ತಾರೆ. ಕೊಂಡವರಿಗೆ ಬರುವ ಬಡ್ಡಿಗೆ ಸಾಮಾನ್ಯವಾಗಿ ಕೇಂದ್ರದ ವರಮಾನ ತೆರಿಗೆಯಿಲ್ಲ. ಆದ್ದರಿಂದ ಕಡಮೆ ಬಡ್ಡಿಗೂ ಹಣ ಹುಟ್ಟುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಟ್ಟಡದ ವೆಚ್ಚ 30 ಲಕ್ಷ ಡಾಲರ್. ಬಡ್ಡಿ ಶೇಕಡಾ 4. ಅವಧಿ 20 ವರ್ಷ. ಸಮನಾದ ಕಂತುಗಳಲ್ಲಿ ತೀರಿಸುವುದಾದರೆ ವರ್ಷಕ್ಕೆ ಸುಮಾರು 2 ಲಕ್ಷ 20 ಸಾವಿರ ಡಾಲರ್ ಕಟ್ಟಬೇಕು. ಸಾಲ ತೀರುವ ವೇಳೆಗೆ ಒಟ್ಟು 44 ಲಕ್ಷ ಸಂದಿರುತ್ತದೆ. ಇದಕ್ಕೆ ಮನೆಮಾಲೀಕರ ಆಸ್ತಿ ತೆರಿಗೆಯೇ ಆಧಾರ. ಆದಕಾರಣ ಅನೇಕ ಕಡೆ ಸಾಲ ಎತ್ತುವ ಮುನ್ನ ಮತದಾರರ ಒಪ್ಪಿಗೆ ಪಡೆಯಬೇಕು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇಂಥ ಸಾಲಪತ್ರಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. 1978ರಲ್ಲಿ ಅಲ್ಲಿನ ಜನರು ಆಸ್ತಿ ತೆರಿಗೆಯನ್ನು ಶೇಕಡಾ 1ಕ್ಕೆ ಮಿತಿಗೊಳಿಸಿದ್ದರಿಂದ ನಗರಗಳ ಕೈ ಇನ್ನಷ್ಟು ಬಿಗಿಯಾಯಿತು. ವಸತಿ ಮತ್ತು ಸಾರ್ವಜನಿಕ ಸೌಕರ್ಯದ ಸಾಲಪತ್ರಗಳಿಗೆ ಬೇಕಾದ ಮತದ ಪ್ರಮಾಣವನ್ನು ಶೇಕಡಾ 55ಕ್ಕೆ ಇಳಿಸುವ ಪ್ರಸ್ತಾಪವನ್ನು 2024ರಲ್ಲಿ ಅದೇ ರಾಜ್ಯದ ಮತದಾರರು ತಳ್ಳಿಹಾಕಿದರು. ನೂರಕ್ಕೆ ಮೂವತ್ತನಾಲ್ಕು ಜನ ಬೇಡವೆಂದರೆ ಸಾಕು, ಉಳಿದ ಅರವತ್ತಾರು ಜನರ ಬಯಕೆ ನಕ್ಷೆಯಲ್ಲೇ ಉಳಿಯುತ್ತದೆ. ಇಂಥ ಸಂದರ್ಭದಲ್ಲಿ ಬರಿಯ ಠಾಣೆ ಬೇಕೆನ್ನುವವರ ಮತವನ್ನೂ ಬರಿಯ ಸಮುದಾಯ ಭವನ ಬೇಕೆನ್ನುವವರ ಮತವನ್ನೂ ಒಂದೇ ಕಟ್ಟಡದ ಹೆಸರಿನಲ್ಲಿ ಕೂಡಿಸುವ ಲೆಕ್ಕಾಚಾರ ರಾಜಕಾರಣಿಗಳಿಗೆ ಹೊಳೆಯುವುದು ಸಹಜ.

ಇಷ್ಟೆಲ್ಲ ಪಾಡು ಪಟ್ಟು ಕಟ್ಟಡ ಎದ್ದಿತೆನ್ನಿ. ನಾಡೆಯೂ ಆಯಿತು, ಫಲಕದ ಮೇಲೆ ಹೆಸರುಗಳೂ ಬಂದವು. ನಿಜವಾದ ಖರ್ಚು ಆರಂಭವಾಗುವುದು ಮರುದಿನದಿಂದ. ಒಂದು ಸರಳವಾದ ಗಣಿತವನ್ನು ನೋಡಿ. ವಾರಕ್ಕೆ 168 ಗಂಟೆಗಳು. ಒಬ್ಬ ನೌಕರ ವಾರಕ್ಕೆ ದುಡಿಯುವುದು 40 ಗಂಟೆ. ಉಪಠಾಣೆಯಲ್ಲಿ ಒಂದೇ ಒಂದು ಮೇಜಿನ ಹಿಂದೆ ಹಗಲೂ ರಾತ್ರಿ ಒಬ್ಬರು ಕುಳಿತಿರಬೇಕಾದರೆ ನಾಲ್ಕು ಜನ ಸಾಲದು. ರಜೆ, ಕಾಯಿಲೆ, ತರಬೇತಿ ಎಲ್ಲವನ್ನೂ ಸೇರಿಸಿದರೆ ಐದು ಜನರಾದರೂ ಬೇಕು. ಒಬ್ಬರಿಗೆ ಸಂಬಳ ಸವಲತ್ತು ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ಎಂದಿಟ್ಟುಕೊಂಡರೂ ಒಂದು ಮೇಜಿಗೆ 4 ಲಕ್ಷ. ನಾವು ಕಲ್ಪಿಸಿಕೊಂಡ ಇಡೀ ಕಟ್ಟಡದ ವಾರ್ಷಿಕ ಕಂತಿನ ಸುಮಾರು ಎರಡರಷ್ಟಾಯಿತು ಇದು. ಸಮುದಾಯ ಭವನಕ್ಕೂ ಬಾಗಿಲು ತೆಗೆಯುವವರು, ಮಕ್ಕಳಿಗೆ ಪಾಠ ಹೇಳುವವರು, ಗುಡಿಸುವವರು ಬೇಡವೆ? ಸಮೂಹ ಅನುದಾನದ ಹಣವನ್ನು ಕಟ್ಟಡದ ದುರಸ್ತಿಗೂ ದಿನವಹಿ ನಿರ್ವಹಣೆಗೂ ಸಾಮಾನ್ಯವಾಗಿ ಬಳಸುವಂತಿಲ್ಲ. ಸಾರ್ವಜನಿಕ ಸೇವೆಗಳಿಗೆ ಬಳಸಬಹುದಾದರೂ ಅದಕ್ಕೆ ಶೇಕಡಾ 15ರ ಮಿತಿಯಿದೆ. 1994ರಲ್ಲಿ ಒಂದು ಲಕ್ಷ ಪೊಲೀಸರನ್ನು ಬೀದಿಗೆ ತರುವ ಗುರಿಯಿಟ್ಟು ಕೇಂದ್ರ ಸರಕಾರ ಇನ್ನೊಂದು ಕಾಯಿದೆ ಮಾಡಿತು. ಆಗ ಹೊಸ ಪೊಲೀಸರ ಸಂಬಳದ ಮುಕ್ಕಾಲು ಪಾಲಿನವರೆಗೆ ನೆರವು ಸಿಕ್ಕಿತು. ಅದೂ ಮೂರು ವರ್ಷ, ಅದೂ ತಲೆಗೆ 75,000 ಡಾಲರ್ ಮೀರದಂತೆ. ಮೂರು ವರ್ಷ ಕಳೆದ ಮೇಲೆ ಭಾರ ಮತ್ತೆ ನಗರದ ಹೆಗಲಿಗೇ ಬಂತು. ಒಂದು ಸಲ ಕೊಡುವ ಹಣಕ್ಕೆ ದಾನಿಗಳು ಸಿಗುತ್ತಾರೆ. ಪ್ರತಿ ತಿಂಗಳ ಹಣಕ್ಕೆ ಸಿಗುವುದಿಲ್ಲ. ಮದುವೆಗೆ ಸಾಲ ಕೊಟ್ಟವರು ಸಂಸಾರಕ್ಕೆ ಅಕ್ಕಿ ಹಾಕಿಸುವುದಿಲ್ಲವೆಂಬುದನ್ನು ನಾವೆಲ್ಲ ಬಲ್ಲೆವು.

ಕಟ್ಟಡಕ್ಕೆ ಹಣ ಸುರಿಯದೆಯೇ ಉಪಠಾಣೆ ಮಾಡಲಾಗದೆ ಎಂದು ಕೇಳಬಹುದು. ಹ್ಯೂಸ್ಟನ್ ನಗರ ಅದನ್ನೂ ಮಾಡಿ ನೋಡಿತು. 1983ರಿಂದ ಸುಮಾರು ಒಂದು ವರ್ಷ ಕಾಲ ಪೊಲೀಸ್ ಫೌಂಡೇಶನ್ ಎಂಬ ಸಂಶೋಧನ ಸಂಸ್ಥೆಯ ನೆರವಿನಿಂದ ಅಲ್ಲಿ ಕೆಲವು ಪ್ರಯೋಗಗಳು ನಡೆದವು. ಅವುಗಳಲ್ಲಿ ಒಂದು, ಬಾಡಿಗೆಗೆ ಹಿಡಿದ ಅಂಗಡಿಯಂಥ ಜಾಗದಲ್ಲಿ ತೆರೆದ ಪುಟ್ಟ ಸಮುದಾಯ ಠಾಣೆ. ಜನ ಅಲ್ಲಿಗೆ ದೂರು ಕೊಡಲು ಮಾತ್ರ ಬರಲಿಲ್ಲ. ತಿಂಗಳಿಗೊಮ್ಮೆ ನೆರೆಹೊರೆಯವರ ಸಭೆ ಸೇರುತ್ತಿತ್ತು. ರಕ್ತದೊತ್ತಡದ ತಪಾಸಣೆ ನಡೆಯುತ್ತಿತ್ತು. ಶಾಲೆ ತಪ್ಪಿಸುವ ಮಕ್ಕಳ ಬಗೆಗೆ ವಿಚಾರಣೆಯಾಗುತ್ತಿತ್ತು. ಪ್ರಯೋಗಕ್ಕೆ ಮುನ್ನ ಮತ್ತು ಅನಂತರ ಮನೆಮನೆಯ ಸಮೀಕ್ಷೆ ನಡೆಸಿ, ಇಂಥ ಠಾಣೆಯಿಲ್ಲದ ಇನ್ನೊಂದು ಬಡಾವಣೆಯೊಡನೆ ಹೋಲಿಸಿದರು. 1986ರಲ್ಲಿ ಪ್ರಕಟವಾದ ವರದಿ, ಠಾಣೆಯಿದ್ದ ಬಡಾವಣೆಯಲ್ಲಿ ಜನರ ಭೀತಿ ಕಡಮೆಯಾಗಿತ್ತೆಂದು ಹೇಳಿತು. ಭೀತಿ ಕಡಮೆಯಾಗುವುದು ಅಲ್ಪವಾದ ಲಾಭವಲ್ಲ. ಭಯವಿದ್ದವನು ಸಂಜೆ ಹೊರಗೆ ಬರುವುದಿಲ್ಲ. ಜನರಿಲ್ಲದ ಬೀದಿ ಮತ್ತಷ್ಟು ಭಯಕ್ಕೆ ಎಡೆಗೊಡುತ್ತದೆ.

ಆದರೆ ಅದೇ ಸಂಶೋಧಕರು ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಬರೆದರು. ಹ್ಯೂಸ್ಟನ್‌ನಲ್ಲಿ ಈ ಲಾಭ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಬಿಳಿಯರಿಗೂ ಸ್ವಂತ ಮನೆಯುಳ್ಳವರಿಗೂ ದಕ್ಕಿದಷ್ಟು ಕಪ್ಪುಜನರಿಗೂ ಬಾಡಿಗೆದಾರರಿಗೂ ದಕ್ಕಲಿಲ್ಲ. ಠಾಣೆಯ ಬಗೆಗೆ ತಿಳಿದವರೂ ಅದರೊಡನೆ ಒಡನಾಡಿದವರೂ ಆ ಜನರಲ್ಲಿ ಕಡಮೆ. ಬಾಗಿಲು ತೆರೆದೇ ಇತ್ತು, ಬರಬಾರದೆಂದು ಯಾರೂ ಹೇಳಿರಲಿಲ್ಲ. ಆದರೂ ಯಾರಿಗೆ ಅದರ ಅಗತ್ಯ ಹೆಚ್ಚಾಗಿತ್ತೋ ಅವರೇ ಹೊರಗುಳಿದರು.

ನಮ್ಮ ಚಾವಡಿಯ ಇನ್ನೊಂದು ಮುಖವೆಂದು ಆಗಲೇ ಹೇಳಿದೆನಲ್ಲ, ಅದು ಇದೇ. ಚಾವಡಿ ಊರಿಗೆಲ್ಲ ಸೇರಿದ್ದೆಂದು ಹೆಸರು. ಆದರೆ ಅದರ ಜಗಲಿ ಏರುವ ಅಧಿಕಾರ ಊರಿನ ಎಲ್ಲರಿಗೂ ಇರಲಿಲ್ಲ. ಹೊಲಗೇರಿಯವನು ತನ್ನ ಅಹವಾಲನ್ನು ಅಂಗಳದಲ್ಲಿ ನಿಂತು, ದೂರದಿಂದಲೇ ಹೇಳಿಕೊಳ್ಳಬೇಕಾಗಿತ್ತು. ಹೆಂಗಸರು ಆ ಕಡೆಗೆ ಸುಳಿಯುತ್ತಿದ್ದುದೇ ಅಪರೂಪ. ಸಾರ್ವಜನಿಕ ಎಂಬ ಮಾತನ್ನು ಗೋಡೆಯ ಮೇಲೆ ಬರೆದ ಮಾತ್ರಕ್ಕೆ ಕಟ್ಟಡ ಸಾರ್ವಜನಿಕವಾಗುವುದಿಲ್ಲವೆಂಬ ಪಾಠಕ್ಕೆ ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಠಾಣೆಯೊಡನೆ ಸೇರಿದ ಸಮುದಾಯ ಭವನದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಪೊಲೀಸರನ್ನು ಕಂಡರೆ ಧೈರ್ಯ ಬರುವ ಮುದುಕಿಗೆ ಆ ಕಟ್ಟಡ ಆಸರೆ. ಪೊಲೀಸರಿಂದ ಒಮ್ಮೆ ಪೆಟ್ಟು ತಿಂದ ಹುಡುಗನಿಗೆ, ಕಾಗದಪತ್ರ ಸರಿಯಿಲ್ಲದ ವಲಸಿಗನಿಗೆ, ಪಕ್ಕದ ಬಾಗಿಲಲ್ಲಿ ಸಮವಸ್ತ್ರ ಕಂಡರೆ ಓದುವ ಕೊಠಡಿಗೂ ಕಾಲಿಡಲು ಅಳುಕು.

ಪೂರ್ವದ ಎರಡು ದೇಶಗಳ ಉದಾಹರಣೆಯನ್ನು ಇಲ್ಲಿ ಚುಟುಕಾಗಿ ಹೇಳುವುದು ಉಚಿತ. ಬಡಾವಣೆಯ ಪುಟ್ಟ ಠಾಣೆಯ ಕಲ್ಪನೆಯಲ್ಲಿ ಜಪಾನಿನವರು ಬಹಳ ಹಿಂದಿನವರು. ಟೋಕಿಯೋದಲ್ಲಿ 1874ರಲ್ಲಿಯೇ ‘ಕೋಬಾನ್’ ಎಂಬ ಗಸ್ತುಕಟ್ಟೆಗಳು ಹುಟ್ಟಿದವು. ದಾರಿ ತಪ್ಪಿದವರಿಗೆ ವಿಳಾಸ ಹೇಳುವುದು, ಕಳೆದುಹೋದ ಕೊಡೆಯನ್ನು ಕಾದಿಟ್ಟು ಮರಳಿಸುವುದು ಅಲ್ಲಿ ಇಂದಿಗೂ ಪೊಲೀಸರ ಕೆಲಸವೇ. ಸಿಂಗಪುರ 1983ರಲ್ಲಿ ಇದೇ ಮಾದರಿಯನ್ನು ತನ್ನ ಸರಕಾರಿ ವಸತಿ ಕಟ್ಟಡಗಳ ನಡುವೆ ತಂದಿತು. 1997ರಿಂದ ಅದು ಸಣ್ಣ ಠಾಣೆಗಳ ಮೇಲೆ ದೊಡ್ಡ ಕೇಂದ್ರಗಳನ್ನು ಕಟ್ಟಿತು. 2017ರಿಂದ ಕೆಲವು ಸಣ್ಣ ಠಾಣೆಗಳಲ್ಲಿ ಸಿಬ್ಬಂದಿಯ ಬದಲು ಯಂತ್ರಗಳೇ ದೂರು ಸ್ವೀಕರಿಸತೊಡಗಿದವು. ಒಂದು ಮೇಜಿಗೆ ಐದು ಜನ ಎಂಬ ಗಣಿತಕ್ಕೆ ಅವರು ಕಂಡುಕೊಂಡ ಉತ್ತರ ಅದು. ಉತ್ತರವೇನೋ ಸರಿ. ಆದರೆ ಪರಿಚಿತ ಮುಖವೊಂದನ್ನು ಹತ್ತಿರ ತರುವುದೇ ಮೂಲ ಉದ್ದೇಶವಾಗಿದ್ದಲ್ಲಿ, ಮುಖವಿಲ್ಲದ ಠಾಣೆ ಅದನ್ನು ಎಷ್ಟರಮಟ್ಟಿಗೆ ನೆರವೇರಿಸೀತೆಂದು ಯೋಚಿಸಬೇಕಾಗುತ್ತದೆ.

ಮತ್ತೆ ಅಮೆರಿಕಕ್ಕೆ ಬರೋಣ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬವರು ಪೊಲೀಸ್ ಅಧಿಕಾರಿಯೊಬ್ಬನ ಮೊಣಕಾಲಿನಡಿ ಪ್ರಾಣಬಿಟ್ಟರು. ಮೂರು ದಿನಗಳ ಮೇಲೆ, ಮೇ 28ರ ರಾತ್ರಿ, ಆ ನಗರದ ಮೂರನೆಯ ವಿಭಾಗದ ಠಾಣೆಗೆ ಜನ ಬೆಂಕಿಯಿಟ್ಟರು. ಕರ್ನರ್ ವರದಿ ಬಂದು ಅರ್ಧ ಶತಮಾನ ಕಳೆದಿತ್ತು. ಠಾಣೆಯನ್ನು ಮತ್ತೆ ಎಲ್ಲಿ ಕಟ್ಟುವುದು, ಕಟ್ಟುವುದೇ ಬೇಡವೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2023ರಲ್ಲಿ ನಗರಸಭೆ ಬೇರೊಂದು ನಿವೇಶನವನ್ನು ಒಪ್ಪಿಕೊಂಡಿತು. ಅಲ್ಲಿಗೆ ಗೊತ್ತುಮಾಡಿದ ಯೋಜನೆ ಬರಿಯ ಠಾಣೆಯದಲ್ಲ. ಪೊಲೀಸರ ಜೊತೆಗೆ ಸಮುದಾಯದ ಬೇರೆ ಸೇವೆಗಳಿಗೂ ಎಡೆಯಿರುವ ಸುರಕ್ಷಾ ಕೇಂದ್ರದ್ದು. ಸುಟ್ಟ ಠಾಣೆಯ ಬದಲಿಗೆ ಏನು ಕಟ್ಟಬೇಕೆಂದು ಕೇಳಿದಾಗ ಒಂದು ನಗರಕ್ಕೆ ಹೊಳೆದದ್ದೂ ಠಾಣೆ ಮತ್ತು ಚಾವಡಿ ಸೇರಿದ ಕಟ್ಟಡವೇ ಎಂಬುದು ಗಮನಾರ್ಹ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತೇನೆ. ಇಂಥ ಕಟ್ಟಡದ ಪ್ರಸ್ತಾಪ ನಗರದ ಮುಂದೆ ಬಂದಾಗ ಮೊದಲು ಏಳುವ ಪ್ರಶ್ನೆ, ಹಣ ಎಲ್ಲಿಂದ ತರುವುದು ಎಂಬುದು. ಅದು ಮುಖ್ಯವಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಸಿಗುತ್ತದೆ. ಅನುದಾನವಿದೆ, ಸಾಲಪತ್ರವಿದೆ, ಏನೂ ಇಲ್ಲದಿದ್ದರೆ ಬಾಡಿಗೆಯ ಅಂಗಡಿಯಿದೆ. ಉತ್ತರ ಸುಲಭವಾಗಿ ಸಿಗದ ಪ್ರಶ್ನೆಗಳು ಬೇರೆ. ಐದನೆಯ ವರ್ಷದಲ್ಲಿ, ಹತ್ತನೆಯ ವರ್ಷದಲ್ಲಿ ಈ ಬಾಗಿಲನ್ನು ತೆರೆದಿಡುವ ಸಂಬಳ ಯಾವ ಬಾಬಿನಿಂದ ಬರುತ್ತದೆ? ಆದಾಯ ಕುಗ್ಗಿದ ವರ್ಷ ಮೊದಲು ದೀಪ ಆರುವುದು ಠಾಣೆಯ ಕಡೆಯೋ, ಮಕ್ಕಳ ಕೊಠಡಿಯ ಕಡೆಯೋ? ಕಟ್ಟಡದ ಬೀಗದ ಕೈ ಯಾರ ಬಳಿ ಇರುತ್ತದೆ? ಸಮುದಾಯದ ಪಾರ್ಶ್ವಕ್ಕೆ ಹೋಗುವವರು ಠಾಣೆಯ ಮುಂದೆ ಹಾದುಹೋಗಲೇಬೇಕೆ, ಅಥವಾ ಅವರಿಗೆ ಬೇರೆ ಬಾಗಿಲಿದೆಯೆ? ಬಾಡಿಗೆಯ ಮನೆಯಲ್ಲಿರುವವರ ಬಾಗಿಲಿಗೆ ಹೋಗಿ ಅವರನ್ನು ಕರೆಯುವ ಕೆಲಸ ಯಾರದು, ಅದಕ್ಕೆ ಆಯವ್ಯಯದಲ್ಲಿ ಒಂದು ಸಾಲನ್ನಾದರೂ ಬರೆದಿದೆಯೆ?

ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆ ಅಡಿಗಲ್ಲು ಇಟ್ಟರೆ ಆ ಕಟ್ಟಡ ಬಾಳುತ್ತದೆ. ಬರೆಯದೆ ಇಟ್ಟರೂ ಕಟ್ಟಡ ಏಳುತ್ತದೆ, ಅನುಮಾನವಿಲ್ಲ. ಆದರೆ ಅದರೊಳಗೆ ಕೊನೆಗೆ ಉಳಿಯುವುದು ಠಾಣೆಯೊಂದೇ. ಸಮುದಾಯ ಎಂಬುದು ಹೊರಗಿನ ಫಲಕದ ಮೇಲೆ ಉಳಿದೀತು.